ದೊಡ್ಡಜ್ಜಿಯ ಪಾದದ ಗೆರೆ

ಅತ್ತೆ ಸಂಜೆಯ ಅಡುಗೆ ಬಿಟ್ಟುಬಿಟ್ಟರು. ಜಗಳವಾಡಿಕೊಂಡು ಬಿಟ್ಟದ್ದಲ್ಲ, ಮೈ ಹುಷಾರಿಲ್ಲದೆ ಬಿಟ್ಟದ್ದೂ ಅಲ್ಲ. ಒಂದು ಬೆಳಿಗ್ಗೆ ಟೀ ಕುಡಿದು, ಲೋಟ ತೊಳೆದು ಬೋರಲು ಹಾಕಿ, "ಇವತ್ತಿಂದ ಸಂಜೆಯ ಒಲೆ ನಿಂದು ಕಣಮ್ಮ. ನಂಗೆ ಪುಸ್ತಕ ಬರಿಯೋದಿದೆ" ಎಂದರು. ತರಕಾರಿ ತರೋದಿದೆ ಎನ್ನುವಷ್ಟೇ ಸಲೀಸಾಗಿ.

ಸೊಸೆಗೆ ಸಿಟ್ಟು ಬಂತು. ಅವಳು ಆಸ್ಪತ್ರೆಯ ಔಷಧಿ ಕಿಟಕಿಯ ಹಿಂದೆ ದಿನವಿಡೀ ನಿಂತು, ಡಾಕ್ಟರುಗಳ ಕಾಗೆಕಾಲು ಗುಬ್ಬಿಕಾಲು ಬರಹ ಓದಿ, ಮಾತ್ರೆ ಕಟ್ಟಿಕೊಟ್ಟು ಬರುವವಳು. ಸಂಜೆ ಮನೆಗೆ ಬಂದರೆ ಬಿಸಿ ಅನ್ನ ಕಾದಿರುತ್ತದೆ ಎಂಬುದೊಂದೇ ಅವಳಿಗಿದ್ದ ಸುಖ. ಆ ಸುಖಕ್ಕೂ ಕಲ್ಲು ಬಿತ್ತು. ಗಂಡನ ಹತ್ತಿರ ಹೇಳಿಕೊಂಡರೆ ಅವನು ತಲೆ ಎತ್ತದೆ, ಅಮ್ಮ ಒಂದು ವಾರ ಬರೆದು ಬೇಜಾರಾಗಿ ಬಿಟ್ಟುಬಿಡುತ್ತಾಳೆ, ಸುಮ್ಮನಿರು ಎಂದ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ಅವನಿಗೆ ತನ್ನ ತಾಯಿ ಯಾರೆಂದು ತಿಳಿದಿರಲಿಲ್ಲ.

ಆ ಮನೆಯ ಮುಂದಿನ ಕೋಣೆಯೇ ಅಂಗಡಿ. ಅಳತೆ ಕೊಟ್ಟವರ ಕಾಲಿಗೆ ಸರಿಯಾಗಿ ಶೂ, ಚಪ್ಪಲಿ ಮಾಡಿಕೊಡುವ ಮನೆತನ. ಮಾವ ಹೊಲಿಗೆಗೆ ಕೂರುವವರು, ಮಗ ನಕ್ಷೆ ಬರೆದು ಚರ್ಮ ಕತ್ತರಿಸುವವನು. ಗಿರಾಕಿ ಬಂದರೆ ಮೊದಲ ಕೆಲಸ ಕಂದು ಕಾಗದದ ಮೇಲೆ ಬರಿಗಾಲು ಊರಿಸಿ ಸುತ್ತ ಪೆನ್ಸಿಲ್ ಎಳೆಯುವುದು. ಗಿರಾಕಿಗಳ ಹಾಳೆ ಕೆಲಸ ಮುಗಿದ ಮೇಲೆ ಅಂಟು ಕಾಯಿಸುವ ಒಲೆಗೆ ಹೋಗುತ್ತಿತ್ತು. ಮನೆಯ ಹೆಂಗಸರ ಹಾಳೆಗಳನ್ನು ಮಾತ್ರ ಯಾರೂ ಎಸೆದಿರಲಿಲ್ಲ. ಅವರಿಗೆ ಹೊಸ ಜೋಡು ಬೇಕಾದಾಗಲೆಲ್ಲ ಹೊಸ ಗೆರೆ ಎಳೆದು, ಹಳೆಯದನ್ನು ಸುತ್ತಿ ಹುರಿ ಕಟ್ಟಿ ಅಟ್ಟಕ್ಕೆ ಹಾಕುತ್ತಿದ್ದರು. ಯಾಕೆ ಇಡುತ್ತೀರಿ ಎಂದರೆ ಯಾರ ಬಳಿಯೂ ಉತ್ತರವಿಲ್ಲ. ಇಡುತ್ತಿದ್ದರು, ಅಷ್ಟೆ.

ಅತ್ತೆಯ ತಲೆಗೆ ಹುಳ ಬಿಟ್ಟದ್ದು ಬಡಾವಣೆಯ ವಾಚನಾಲಯ. ಮಧ್ಯಾಹ್ನದ ಬಿಡುವಿನಲ್ಲಿ ಅಲ್ಲಿಂದ ತಂದ ಪುಸ್ತಕ ಹಿಡಿದು ಅವರು ಅಡುಗೆಮನೆಯ ಹೊಸ್ತಿಲ ಬಳಿ ಕೂತುಬಿಟ್ಟರೆ ಮನೆಗೆ ಬೆಂಕಿ ಬಿದ್ದರೂ ಏಳುವವರಲ್ಲ. ಹಿಂದಿನವರ ಹೆಜ್ಜೆ ಹಿಡಿದು ಚರಿತ್ರೆ ಹೇಳುವ ಪುಸ್ತಕಗಳೆಂದರೆ ಅವರಿಗೆ ಪ್ರಾಣ. ಹಡಗಿನಿಂದ ಗೋದಾಮಿಗೆ ಹಮಾಲರು ಸವೆಸಿದ ದಾರಿಯ ಚರಿತ್ರೆ, ಉಪ್ಪು ಹೊತ್ತು ಬೆಟ್ಟ ದಾಟಿದವರ ಚರಿತ್ರೆ, ಸೈನ್ಯದ ಹಿಂದೆ ಪಾತ್ರೆ ಹೊತ್ತು ನಡೆದ ಅಡುಗೆಯವರ ಚರಿತ್ರೆ. ಅಂಥದೊಂದನ್ನು ವಾಪಸು ಕೊಡುವಾಗ, "ಇವರೆಲ್ಲ ಹೆಜ್ಜೆ ಹುಡುಕ್ಕೊಂಡು ಊರೂರು ಅಲೆದಿದಾರೆ. ನಮ್ಮನೇಲಿ ಹೆಜ್ಜೆಗಳನ್ನ ಹುರಿ ಕಟ್ಟಿ ಇಟ್ಟಿದೀವಿ" ಎಂದರಂತೆ. ಗ್ರಂಥಪಾಲಕಿ ಕನ್ನಡಕ ತೆಗೆದು, ಅಟ್ಟದ ಕಥೆಯನ್ನೆಲ್ಲ ಕೇಳಿ, ಹಾಗಾದರೆ ನೀವೇ ಬರೆಯಿರಿ, ವಾಚನಾಲಯದಿಂದ ಮುದ್ರಿಸೋಣ ಎಂದುಬಿಟ್ಟಳು.

ಅಂದಿನಿಂದ ಊಟದ ಮೇಜು ಅತ್ತೆಯದಾಯಿತು. ಹಾಳೆಗಳು ಸುರುಳಿ ಬಿಚ್ಚಿ ಮಲಗಿದವು. ಸುರುಳಿ ಮತ್ತೆ ಸುತ್ತಿಕೊಳ್ಳದಂತೆ ಅವುಗಳ ಮೂಲೆಗೆ ಉಪ್ಪಿನ ಡಬ್ಬಿ, ಸಕ್ಕರೆ ಡಬ್ಬಿ, ಮಾವನ ಸುತ್ತಿಗೆ. ಮನೆಯವರು ತಟ್ಟೆ ಹಿಡಿದು ಗೋಡೆಗೊರಗಿ ಉಣ್ಣಬೇಕಾಯಿತು. ಸೊಸೆಯ ಅಡುಗೆಯೋ, ಒಂದು ದಿನ ಅನ್ನ ತಳ ಹತ್ತಿದರೆ ಇನ್ನೊಂದು ದಿನ ಬ್ರೆಡ್ಡು ಮೊಟ್ಟೆ. ಮೊಮ್ಮಗಳಿಗೆ ಮಾತ್ರ ಹಬ್ಬ. ಬಾಯಿ ಮುಚ್ಚದ ಆ ಹುಡುಗಿಗೆ ಮನೆಯಲ್ಲಿ ಇಟ್ಟ ಹೆಸರೇ ರೇಡಿಯೋ. ಅಜ್ಜಿ ಬರೆದದ್ದನ್ನು ದುಂಡಗೆ ಪ್ರತಿ ಮಾಡುವ ಕೆಲಸ ಅವಳದು. ಮಾಡಿದ್ದನ್ನು ಊಟದ ಹೊತ್ತಿಗೆ ಗಟ್ಟಿಯಾಗಿ ಓದುವ ಕೆಲಸವನ್ನು ಅವಳೇ ಮೈಮೇಲೆ ಎಳೆದುಕೊಂಡಿದ್ದಳು.

ಸೊಸೆ ಮೊದಮೊದಲು ಕಿವಿಗೊಡಲಿಲ್ಲ. ಪಾತ್ರೆಯನ್ನು ಸ್ವಲ್ಪ ಜೋರಾಗಿಯೇ ತೊಳೆದಳು. ಆದರೆ ಕೇಳಬಾರದೆಂದರೂ ಕೇಳುತ್ತದಲ್ಲ. ಅತ್ತೆ ತಮ್ಮದೇ ಕಾಲಿನಿಂದ ಶುರು ಮಾಡಿದ್ದರು. ಮದುವೆಯಾಗಿ ಬಂದ ವರ್ಷದ ಹಾಳೆಯಲ್ಲಿ ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿವೆ, ಹೊಸ ಮನೆಯಲ್ಲಿ ಹೆಣ್ಣು ಮಾತಾಡಲು ಹೆದರುವ ಹಾಗೆ. ಮಗ ಹುಟ್ಟಿದ ಮೇಲಿನ ಹಾಳೆಯಲ್ಲಿ ಪಾದ ಚಪ್ಪಟೆಯಾಗಿದೆ. ಮಗಳ ನಂತರದ ಹಾಳೆಯಲ್ಲಿ ಹಿಮ್ಮಡಿ ಅಗಲ. ಬರೀ ಗೆರೆ ನೋಡಿಕೊಂಡು ಇಷ್ಟೆಲ್ಲ ಬರೆಯಲು ಸಾಧ್ಯವೇ ಎಂದು ಸೊಸೆಗೆ ಅನುಮಾನ ಬಂದು, ಕೈ ಒರೆಸಿಕೊಂಡು ಮೇಜಿನ ಬಳಿ ಬಂದು ನೋಡಿದಳು. ಬರೆದದ್ದೆಲ್ಲ ಗೆರೆಯಲ್ಲಿತ್ತು. ಆ ರಾತ್ರಿಯಿಂದ ಪಾತ್ರೆಗಳ ಸದ್ದು ಕಡಿಮೆಯಾಯಿತು. ಸಿಟ್ಟಿನ ಜಾಗಕ್ಕೆ ಏನು ಬಂತೆಂದು ಅವಳು ತನಗೆ ತಾನೇ ಹೇಳಿಕೊಳ್ಳಲು ಇನ್ನೂ ಕೆಲವು ದಿನ ಬೇಕಾದವು. ಹೆಮ್ಮೆ ಬಂದಿತ್ತು. ಹೊಸ್ತಿಲ ಬಳಿ ಕೂತು ಅಕ್ಕಿ ಆರಿಸುವ ಈ ಮುದುಕಿಯ ತಲೆಯೊಳಗೆ ಇಷ್ಟು ದೊಡ್ಡ ಮನೆ ಇದೆಯೆಂದು ಅವಳು ಎಣಿಸಿರಲಿಲ್ಲ.

ಮಾವನಿಗೆ ಈ ಪುರಾಣವೆಲ್ಲ ತಮಾಷೆಯಾಗಿತ್ತು. ಹೆಂಡತಿ ಬರೆಯುತ್ತಿದ್ದರೆ ಬೀದಿಯವರಿಗೆಲ್ಲ, "ನಮ್ಮ ಮನೆಯವಳು ಪಂಡಿತೆ ಆಗಿದಾಳೆ, ಚಪ್ಪಲಿ ಹೊರಗೆ ಬಿಟ್ಟು ಬನ್ನಿ" ಎಂದು ಹೇಳಿಕೊಂಡು ನಗುತ್ತಿದ್ದರು. ತಮ್ಮ ತಾಯಿಯ ಅಧ್ಯಾಯ ಬರುವವರೆಗೆ.

ಅವರ ತಾಯಿಯನ್ನು ಮನೆಯಲ್ಲಿ ಎಲ್ಲರೂ ದೊಡ್ಡಜ್ಜಿ ಎನ್ನುತ್ತಿದ್ದರು. ಸೊಸೆ ಈ ಮನೆಗೆ ಬರುವ ಮೊದಲೇ ಕಣ್ಣು ಮುಚ್ಚಿದ ಮುದುಕಿ. ಆ ಸಂಜೆ ರೇಡಿಯೋ ಓದಿದಳು: "ನನ್ನ ಅತ್ತೆಯ ಕಾಲು ಹಾಳೆಯಿಂದ ಹಾಳೆಗೆ ಅಗಲವಾಗುತ್ತಾ ಹೋಗಿದೆ. ನಮ್ಮ ಅಂಗಡಿಯೂ ಹಾಗೆಯೇ. ಗಂಡ ಹೊಲಿದ ಜೋಡುಗಳನ್ನು ಬುಟ್ಟಿಯಲ್ಲಿ ತುಂಬಿ, ತಲೆಯ ಮೇಲೆ ಹೊತ್ತು, ಗಿರಣಿಗಳ ಬಾಗಿಲಿಗೆ, ಬಂದರಿನ ಕಟ್ಟೆಗೆ ನಡೆದು ಮಾರಿದವರು ಅವರು. ಅವರ ಎಡಗಾಲಿನ ಹೆಬ್ಬೆರಳ ಬುಡದಲ್ಲಿ ಗೋಲಿ ಗಾತ್ರದ ಗಂಟು..."

"ನಿಲ್ಸು" ಎಂದರು ಮಾವ.

ರೇಡಿಯೋ ನಿಂತಿತು. ಅದು ನಿಂತದ್ದನ್ನು ಆ ಮನೆ ಅಷ್ಟಾಗಿ ಕಂಡಿರಲಿಲ್ಲ.

"ಯಾರು ಹೇಳಿದ್ದು ನಿಂಗೆ ಇದನ್ನ?" ಎಂದು ಮಾವ ಹೆಂಡತಿಯನ್ನು ಕೇಳಿದರು.

"ಅವರೇ. ಕೊನೇ ವರ್ಷಗಳಲ್ಲಿ ಕಾಲಿಗೆ ಎಣ್ಣೆ ಹಚ್ಚುವಾಗ."

"ವಯಸ್ಸಾದವರು ಏನೇನೋ ಹೇಳ್ತಾರೆ. ನಮ್ಮಮ್ಮ ಬೀದಿ ಸುತ್ತಿ ಮಾರಿದವಳಲ್ಲ. ಅಪ್ಪನ ಕೈಕೆಲಸ ನೋಡಿ ಜನ ಈ ಬಾಗಿಲಿಗೇ ಹುಡುಕ್ಕೊಂಡು ಬರ್ತಿದ್ರು."

"ಅಂಗಡಿಗೆ ಬೋರ್ಡು ಹಾಕಿದ ಮೇಲೆ ಬಂದ್ರು. ಅದಕ್ಕೂ ಮುಂಚೆ?"

"ಮುಂಚೇನೂ ಬರ್ತಿದ್ರು. ಸುಳ್ಳು ಬರೆದು ನಮ್ಮ ಮನೆ ಹೆಂಗಸರನ್ನ ಬೀದಿಗೆ ಎಳೀಬೇಡ. ನಾಲ್ಕು ಜನ ಓದ್ತಾರೆ."

"ಓದ್ಲಿ ಅಂತಾನೇ ಬರಿಯೋದು. ಸುಳ್ಳೋ ನಿಜವೋ, ಕಾಲು ಹೇಳುತ್ತೆ" ಎಂದು ಅತ್ತೆ ಹಾಳೆಯ ಮೇಲೆ ಕೈಯಿಟ್ಟರು. ಮನೆಯೊಳಗೇ ಓಡಾಡಿಕೊಂಡಿದ್ದ ಹೆಂಗಸಿನ ಕಾಲು ಹೀಗಾಗುತ್ತದೆಯೇ ಎಂದು ಕೇಳಿದರು. ಮಾವ ಆ ಹಾಳೆಯ ಕಡೆ ನೋಡಲೂ ಇಲ್ಲ. ತಟ್ಟೆ ಎತ್ತಿಕೊಂಡು ಅಂಗಡಿಗೆ ಹೋಗಿ ಒಬ್ಬರೇ ಕೂತು ಉಂಡರು.

ಮಾರನೆಯ ದಿನವೂ ಅಷ್ಟೇ, ಅದರ ಮಾರನೆಯ ದಿನವೂ ಅಷ್ಟೇ. ಗಂಡ ಹೆಂಡತಿಯ ಮಾತು ಸೊಸೆಯ ಮೂಲಕ ಓಡಾಡತೊಡಗಿತು. ಉಪ್ಪು ಕಡಿಮೆ ಎಂದು ಮಾವ ಅಂಗಡಿಯಿಂದ ಹೇಳಿ ಕಳಿಸಿದರೆ, ಕಣ್ಣಿನಿಂದ ಸುರಿಸಿಕೊಳ್ಳಲಿ ಎಂದು ಅತ್ತೆ ಒಳಗಿನಿಂದ ಹೇಳಿ ಕಳಿಸುವರು. ಸೊಸೆ ಎರಡನ್ನೂ ಮುಟ್ಟಿಸದೆ ಉಪ್ಪಿನ ಡಬ್ಬಿಯನ್ನಷ್ಟೇ ಒಯ್ದಿಡುವಳು. ಮಗ ಮಾತ್ರ ಯಾರ ಪರವೂ ಹೇಳಲಿಲ್ಲ. ಅಪ್ಪನ ಎದುರು ಹೂಂ, ಅಮ್ಮನ ಎದುರು ಹೂಂ. ಅವನು ಕೆಟ್ಟವನಲ್ಲ, ಜಗಳವೆಂದರೆ ಅವನಿಗೆ ಆಗದು.

ಅಷ್ಟರಲ್ಲಿ ಮುದ್ರಣಾಲಯದಿಂದ ಸುದ್ದಿ ಬಂತು. ಬರಹವೇನೋ ಸರಿ, ಆದರೆ ಪೆನ್ಸಿಲ್ ಗೆರೆಗಳು ಮಾಸಿವೆ, ಪುಟದ ಮೇಲೆ ಮೂಡುವುದಿಲ್ಲ, ಕಪ್ಪು ಶಾಯಿಯಲ್ಲಿ ತಿದ್ದಿ ಕೊಡಿ. ಅತ್ತೆಗೆ ಕೈ ನಡುಕ. ಮಗನನ್ನು ಕೇಳಿದರು. ಅವನಿಗೆ ಎಲ್ಲಿಲ್ಲದ ಖುಷಿಯಾಯಿತು. ಮಾತಿನಲ್ಲಿ ಅಮ್ಮನ ಪರ ನಿಲ್ಲಲಾಗದವನಿಗೆ ಕೈಯಲ್ಲಾದರೂ ನಿಲ್ಲಬಹುದಲ್ಲ. ಭಾನುವಾರ ಮಾಡಿಡುತ್ತೇನೆ, ನೀನು ಬಂದು ನೋಡಿದರೆ ಸಾಕು ಎಂದ.

ಆ ಭಾನುವಾರ ಅತ್ತೆ, ಸೊಸೆ, ರೇಡಿಯೋ ಮೂವರೂ ನಾದಿನಿಯ ಮನೆಗೆ ಹೋಗಿದ್ದರು. ಅವಳೂ ಈ ಮನೆಯ ಹೆಣ್ಣೇ, ಅವಳ ಕಾಲಿನ ಅಧ್ಯಾಯ ಬಾಕಿ ಇತ್ತು. ಸಂಜೆ ವಾಪಸು ಬಂದರೆ ಮೇಜಿನ ಮೇಲೆ ಬಿಳಿ ಕಾಗದದಲ್ಲಿ ಸಾಲಾಗಿ ಪಾದಗಳು. ಗೆರೆ ಎಂದರೆ ಗೆರೆ. ಒಂದೇ ಎಳೆತದಲ್ಲಿ ಬಂದ ಕಪ್ಪು ಗೆರೆ, ಎಲ್ಲೂ ತಡವರಿಸಿದ್ದಿಲ್ಲ. ಪ್ರತಿಯೊಂದರ ಕೆಳಗೆ ಚೆಂದದ ಅಕ್ಷರದಲ್ಲಿ ಯಾರದೆಂಬುದು. ಮಗ ಅಂಗಡಿಯ ಬಾಗಿಲಲ್ಲಿ ನಿಂತು ಅಮ್ಮನ ಮುಖವನ್ನೇ ನೋಡುತ್ತಿದ್ದ.

ಅತ್ತೆ ದೊಡ್ಡಜ್ಜಿಯ ಒಂದು ಹಾಳೆ ಎತ್ತಿದರು, ತಮ್ಮದೊಂದು ಎತ್ತಿದರು. ಎರಡನ್ನೂ ಒಂದರ ಮೇಲೊಂದು ಇಟ್ಟು ದೀಪಕ್ಕೆ ಹಿಡಿದರು. ಎರಡು ಕಾಲಿಗೂ ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ.

"ಗಂಟು ಎಲ್ಲಿ?" ಎಂದು ಕೇಳಿದರು.

"ಗಂಟು ಗೆರೇಲಿ ಬರಲ್ಲಮ್ಮ. ಗೆರೆ ನುಣ್ಣಗಿರಬೇಕು. ಗಂಟು ಇದ್ದವರಿಗೆ ಮರದ ಅಚ್ಚಿನ ಮೇಲೆ ಚರ್ಮದ ಚೂರು ಅಂಟಿಸಿಕೊಳ್ತೀವಿ. ನಿಂಗೇ ಗೊತ್ತಲ್ಲ."

ಗೊತ್ತಿತ್ತು. ಆ ಬೀದಿಯಲ್ಲಿ ನಕ್ಷೆ ಬರೆಯುವ ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಿದ್ದರು. ಸೊಟ್ಟ ಗೆರೆಯಿಂದ ಚರ್ಮ ಕತ್ತರಿಸಿದರೆ ಹೊಲಿಗೆ ಕೂರುವುದಿಲ್ಲ. ಈ ಕಸುಬು ಅರಿಯದವರು ಯಾರಾದರೂ ಆಗಿದ್ದರೆ ಕಂಡದ್ದನ್ನು ಕಂಡ ಹಾಗೆ ತಿದ್ದಿಕೊಡುತ್ತಿದ್ದರು. ಇಪ್ಪತ್ತು ವರ್ಷ ಕಾಲುಗಳನ್ನು ನೇರ ಮಾಡಿದ ಕೈ ಅದು. ತಾನು ನೇರ ಮಾಡುತ್ತಿದ್ದೇನೆಂಬುದು ಆ ಕೈಗೆ ತಿಳಿಯಲೇ ಇಲ್ಲ.

"ಹಳೇ ಹಾಳೆ ಕೊಡು" ಎಂದರು ಅತ್ತೆ.

ಮಗನ ಮುಖ ಬಿಳುಪೇರಿತು. ಹಳೆಯವು ಮುಟ್ಟಿದರೆ ಪುಡಿಯಾಗುತ್ತಿದ್ದವು. ಹೊಸ ಕಾಗದದ ಮೇಲೆ ಇಟ್ಟು, ರೂಢಿಯಂತೆ ಬ್ಲೇಡಿನಲ್ಲಿ ಅವುಗಳ ಅಂಚು ಸವರಿ ಸವರಿ ನುಣ್ಣಗೆ ಮಾಡಿ, ಸುತ್ತ ಗೆರೆ ತೆಗೆದಿದ್ದ. ಉಳಿದ ಚೂರುಗಳು ಎಲ್ಲ ನಕ್ಷೆಯ ಚೂರುಗಳ ಹಾಗೆ ಅಂಟಿನ ಒಲೆಗೆ ಹೋಗಿದ್ದವು.

ಅತ್ತೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಿಳಿ ಹಾಳೆಗಳನ್ನು ಒಟ್ಟು ಮಾಡಿ, ಉಪ್ಪು ಸಕ್ಕರೆಯ ಡಬ್ಬಿಗಳನ್ನು ಅವುಗಳ ಜಾಗಕ್ಕೆ ಸೇರಿಸಿ, ಮೇಜು ಒರೆಸಿದರು. "ನೀವು ಗೆದ್ರಿ ಅಂತ ಹೇಳಮ್ಮ ನಿಮ್ಮ ಮಾವಂಗೆ. ಆ ಅಧ್ಯಾಯ ಇರಲ್ಲ. ಕಾಲೇ ಇಲ್ಲ ಅಂದ್ಮೇಲೆ ನನ್ನ ಬಾಯಿಮಾತು ಯಾರು ನಂಬ್ತಾರೆ" ಎಂದು ಸೊಸೆಗೆ ಹೇಳಿ ಒಲೆ ಹಚ್ಚಿದರು.

ಮನೆ ಮೊದಲಿನಂತಾಯಿತು. ಸೊಸೆ ಕೆಲಸದಿಂದ ಬರುವ ಹೊತ್ತಿಗೆ ಬಿಸಿ ಅನ್ನ, ಮಡಿಸಿಟ್ಟ ಬಟ್ಟೆ, ತೊಳೆದ ನೆಲ. ತಿಂಗಳುಗಟ್ಟಲೆ ಅವಳು ಬಯಸಿದ್ದು ಇದನ್ನೇ. ಈಗ ಅದು ರುಚಿಸುತ್ತಿರಲಿಲ್ಲ. ಅತ್ತೆ ಮಧ್ಯಾಹ್ನ ಓದುವುದನ್ನೂ ಬಿಟ್ಟಿದ್ದರು. ರೇಡಿಯೋ ಹೋಂವರ್ಕು ಎಂದು ಮೂಲೆ ಸೇರುತ್ತಿತ್ತು. ಮಗನಂತೂ ಗಿರಾಕಿಯ ಕಾಲಿಗೆ ಪೆನ್ಸಿಲ್ ಹಿಡಿಯಲೂ ಹಿಂದೆ ಮುಂದೆ ನೋಡುತ್ತಿದ್ದ. ಗ್ರಂಥಪಾಲಕಿ ಒಮ್ಮೆ ಬಂದು, ಆ ಒಂದು ಅಧ್ಯಾಯ ಬಿಟ್ಟು ಉಳಿದದ್ದನ್ನಾದರೂ ಕೊಡಿ, ಶುಕ್ರವಾರ ಮುದ್ರಣಕ್ಕೆ ಹೋಗಲೇಬೇಕು ಎಂದಳು. ಕೊಡುತ್ತೇನೆ ಎಂದರು ಅತ್ತೆ. ದೊಡ್ಡಜ್ಜಿ ಇಲ್ಲದ ಪುಸ್ತಕ ಈ ಮನೆಯ ಪುಸ್ತಕವೇ ಅಲ್ಲವೆಂದು ಅವರಿಗೂ ಗೊತ್ತಿತ್ತು, ಸೊಸೆಗೂ ಗೊತ್ತಿತ್ತು.

ಗೆದ್ದವರು ಮಾತ್ರ ಗೆದ್ದವರ ಹಾಗೆ ಇರಲಿಲ್ಲ. ಮಾವ ಈಗಲೂ ಅಂಗಡಿಯಲ್ಲೇ ಉಣ್ಣುತ್ತಿದ್ದರು. ಕರೆಯದೆ ಒಳಗೆ ಹೇಗೆ ಬರುವುದೆಂದು ಅವರಿಗೆ ಬಿಗುಮಾನ, ಕರೆಯಲು ಅತ್ತೆಗೆ ಬಿಗುಮಾನ.

ಗುರುವಾರ ಮಧ್ಯಾಹ್ನ ಸೊಸೆಗೆ ರಜೆ. ಮಾವನ ತಟ್ಟೆ ಒಯ್ಯುವಾಗ ಅವಳು ಆ ಬಿಳಿ ಹಾಳೆಗಳಲ್ಲಿ ಒಂದನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದಳು. ಯೋಚಿಸಿ ಮಾಡಿದ್ದಲ್ಲ. ಹಿಂದಿನ ದಿನವೆಲ್ಲ ಮನಸ್ಸು ಕುದಿಯುತ್ತಿತ್ತು, ಮಾವನಿಗೆ ಒಂದು ಮಾತು ಚುಚ್ಚಬೇಕೆನಿಸಿತ್ತು. ತಟ್ಟೆ ಇಟ್ಟು, ಪಕ್ಕದಲ್ಲಿ ಹಾಳೆ ಇಟ್ಟಳು.

"ನೋಡಿ ಮಾವ. ಇದನ್ನ ಪುಸ್ತಕಕ್ಕೆ ಹಾಕಿದ್ರೆ ನಿಮ್ಮ ಅಭ್ಯಂತರ ಇರಲ್ಲ ಅಂದ್ಕೊಂಡೆ."

ಮಾವ ಕನ್ನಡಕ ಏರಿಸಿದರು. "ಯಾರ ಕಾಲಿದು?"

"ದೊಡ್ಡಜ್ಜಿಯದು. ಕೆಳಗೆ ಬರೆದಿದ್ಯಲ್ಲ."

"ಅಲ್ಲ."

"ನಿಮ್ಮ ಮಗನೇ ತೆಗೆದ ಗೆರೆ."

"ಗೆರೆ ಚೆನ್ನಾಗಿದೆ" ಎಂದರು ಮಾವ. ಹಾಳೆಯನ್ನು ಹತ್ತಿರ ಹಿಡಿದರು, ದೂರ ಹಿಡಿದರು. ಅವರ ಸ್ವರ ಏರಿತು. "ಕಾಲು ನಮ್ಮಮ್ಮಂದಲ್ಲ. ಯಾರೋ ದೊಡ್ಡ ಮನೆಯವಳ ಕಾಲು ಇದು. ಬೀದೀನೇ ನೋಡಿಲ್ಲ ಈ ಕಾಲು."

ತಾವು ಆಡಿದ್ದು ಅವರ ಕಿವಿಗೇ ಬಿತ್ತು.   ಮಾವ ಅನ್ನ ಮುಟ್ಟದೆ ಹಾಗೆಯೇ ಕೂತರು. ಬಾಗಿಲಾಚೆ ಯಾರೋ ಗಿರಾಕಿ ನಿಂತು, ಕಾದು, ಹೋದ. ಆಮೇಲೆ ಅವರು ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಮೂಲೆಯಲ್ಲಿ ಚರ್ಮ ಕತ್ತರಿಸುತ್ತಿದ್ದ ಮಗನಿಗೆ, ಕಂದು ಕಾಗದ ಕೊಡೋ ಎಂದರು. ಸೊಸೆಗೆ, "ನಿಮ್ಮತ್ತೇನ ಕರಿ" ಎಂದರು.

ಅತ್ತೆ ಕೈಯಲ್ಲಿ ಸೌಟು ಹಿಡಿದುಕೊಂಡೇ ಬಂದರು. ಗಂಡ ನೆಲದ ಮೇಲೆ ಕಾಗದ ಹಾಸಿ ಅದರ ಮುಂದೆ ಮಂಡಿಯೂರಿದ್ದರು, ಗಿರಾಕಿಯ ಮುಂದೆ ಕೂರುವ ಹಾಗೆ. ಕಾಗದದ ಮೇಲೆ ಕಾಲಿರಲಿಲ್ಲ, ಆದರೂ ಪೆನ್ಸಿಲ್ ನೆಟ್ಟಗೆ ಹಿಡಿದು ಹಿಮ್ಮಡಿಯಿಂದ ಶುರು ಮಾಡಿದರು. ತಾಯಿಯ ಕೊನೆಯ ವರ್ಷಗಳಲ್ಲಿ ಅವಳ ಜೋಡುಗಳನ್ನು ಹೊಲಿದದ್ದು ಈ ಕೈಯೇ. ಗೆರೆ ಪಾದದ ಒಳಮಗ್ಗುಲಲ್ಲಿ ಮೇಲೇರಿತು, ಹೆಬ್ಬೆರಳ ಬುಡಕ್ಕೆ ಬಂದು ನಿಂತಿತು, ಹೊರಕ್ಕೆ ಉಬ್ಬಿತು.

"ಇನ್ನೂ ಸ್ವಲ್ಪ ಹೊರಗೆ" ಎಂದರು ಅತ್ತೆ.

"ಗೊತ್ತು."

"ಕಿರುಬೆರಳು ಪಕ್ಕದ್ದರ ಮೇಲೆ ಹತ್ತಿತ್ತು."

"ಅದೂ ಗೊತ್ತು ಕಣೇ. ಎಣ್ಣೆ ಹಚ್ಚಿದವಳು ನೀನಾದ್ರೆ ಅಳತೆ ತಗೊಂಡವನು ನಾನು."

ವಾರಗಳ ನಂತರ ಇಬ್ಬರೂ ನೇರವಾಗಿ ಆಡಿದ ಮೊದಲ ಮಾತು ಅದು. ಒಂದು ಗಂಟಿಗಾಗಿ ಇಬ್ಬರೂ ಕಿತ್ತಾಡಿದರು. ಅಷ್ಟು ಇರಲಿಲ್ಲ ಎಂದು ಮಾವ ಅಳಿಸಿದರು, ಇತ್ತು ಎಂದು ಅತ್ತೆ ಮತ್ತೆ ಬರೆಸಿದರು. ಅಂಗಡಿಯ ಬಾಗಿಲಲ್ಲಿ ನಿಂತ ಮಗ ನೋಡುತ್ತಿದ್ದ. ಸೊಟ್ಟ ಗೆರೆಯನ್ನು ಸೊಟ್ಟಗೇ ಎಳೆಯಲು ಎಷ್ಟು ಕೈ ಬೇಕೆಂದು ಅವನು ಅವತ್ತು ಕಂಡ. ಕಾಲು ಪೂರ್ತಿಯಾದಾಗ ಅದು ನೋಡಲು ಚೆಂದವಾಗಿರಲಿಲ್ಲ.  ಸೊಸೆ ಎಂದೂ ಕಾಣದ ಆ ಹೆಂಗಸು ಬಂದು ಕಾಗದದ ಮೇಲೆ ನಿಂತಂತಿತ್ತು.

"ನಡೆದಿದ್ದು ನಿಜ" ಎಂದರು ಮಾವ, ಕಾಗದದ ಕಡೆಗೇ ನೋಡುತ್ತಾ. ಶಾಲೆಯಲ್ಲಿ ಹುಡುಗರು ತಮ್ಮನ್ನು ಬುಟ್ಟಿಯವಳ ಮಗ ಎಂದು ಅಣಕಿಸುತ್ತಿದ್ದುದನ್ನು ಹೇಳಿದರು. ಬೋರ್ಡು ಹಾಕಿದ ದಿನ ಅಪ್ಪ, ಇನ್ನು ಆ ಮಾತು ಈ ಮನೆಯಲ್ಲಿ ಬೇಡ ಎಂದರು. ಅಮ್ಮನೂ ಹೂಂ ಎಂದಳು. ತಮಗೂ ಅದೇ ಬೇಕಾಗಿತ್ತು. ಬೇಡ ಬೇಡ ಎಂದುಕೊಂಡು ಕೊನೆಗೆ ಅದು ನಡೆದೇ ಇಲ್ಲವೆಂದು ನಾನೇ ನಂಬಿಬಿಟ್ಟೆ ಎಂದರು.

"ಹಾಗಿದ್ರೆ ಬುಟ್ಟಿ ಹೊತ್ತೇ ಆ ಗಂಟು ಬಂದದ್ದು ಅಂತ ಬರಕೊಳ್ಳಲಾ?" ಎಂದು ಅತ್ತೆ ಮೆಲ್ಲಗೆ ಕೇಳಿದರು.

ಮಾವ ತಲೆಯಾಡಿಸಿದರು. "ಬುಟ್ಟಿ ತಲೆ ಮೇಲಿರೋದು. ಅದರ ಭಾರ ಎರಡೂ ಕಾಲಿಗೆ ಸಮ. ಗಂಟು ಎಡಗಾಲಲ್ಲಿ ಮಾತ್ರ ಯಾಕಿದೆ ಅಂತ ಯಾವತ್ತಾದ್ರೂ ಯೋಚನೆ ಮಾಡಿದೀಯಾ? ಎಡಗಡೆ ಸೊಂಟದ ಮೇಲೆ ನಾನಿದ್ದೆ. ನಡೆಯೋ ವಯಸ್ಸಾಗಿತ್ತು ನಂಗೆ. ನಡೀತಿರ್ಲಿಲ್ಲ, ಹಟ. ಗಿರಣಿವರೆಗೂ ಎತ್ಕೊಂಡೇ ಹೋಗಬೇಕಿತ್ತು. ಅವಳು ಒಂದು ದಿನಾನೂ ಇಳಿಸಲಿಲ್ಲ."

ಅತ್ತೆಗೆ ಇದನ್ನು ದೊಡ್ಡಜ್ಜಿ ಹೇಳಿರಲಿಲ್ಲ. ಎಣ್ಣೆ ಹಚ್ಚಿಸಿಕೊಳ್ಳುವಾಗಲೂ ಹೇಳಿರಲಿಲ್ಲ. ಅವರು ಸೌಟನ್ನು ಕೆಳಗಿಟ್ಟು ಗಂಡನ ಪಕ್ಕದಲ್ಲಿ ನೆಲದ ಮೇಲೆಯೇ ಕೂತರು. ಬರೆದುಕೋ ಎಂದರು ಮಾವ. ನಾನು ಬರೆಯುವುದಿಲ್ಲ, ಇದು ನನಗೆ ಗೊತ್ತಿದ್ದ ಮಾತಲ್ಲ, ನೀವೇ ಬರೆಯಿರಿ ಎಂದರು ಅತ್ತೆ.

ಅಳತೆ ತೆಗೆದ ಮೇಲೆ ಪಾದದ ಕೆಳಗೆ ಒಂದು ಸಾಲು ಬರೆಯುವುದು ಅಂಗಡಿಯ ಪದ್ಧತಿ. ಯಾವ ಕಾಲು, ಎಲ್ಲಿ ಏನು ತೊಂದರೆ ಎಂದು. ಮಾವ ಪೆನ್ಸಿಲ್ ನಾಲಿಗೆಗೆ ತಾಗಿಸಿ, ದಪ್ಪ ಅಕ್ಷರದಲ್ಲಿ ಬರೆದರು: ಎಡಗಾಲು. ಮಗನನ್ನು ಹೊತ್ತದ್ದು.